ಬಡವನಿಗೆ ಸುಖನಿದ್ದೆ, ಸಾಹುಕಾರನಿಗೆ ಚಿಂತೆ: ಈ ಮಕ್ಕಳ ಕಥೆಯಲ್ಲಿ ನಿಜ ಎಷ್ಟು?

ವಾಟ್ಸಾಪ್ ಗುಂಪುಗಳಲ್ಲಿ ಶುಭೋದಯದ ಹೂವಿನ ಚಿತ್ರದ ಬೆನ್ನಿಗೇ ಬರುವ ನೀತಿಕಥೆಗಳಲ್ಲಿ ಇದೂ ಒಂದು. ಊರು, ಹೆಸರು, ಹಣದ ಮೊತ್ತ ಬದಲಾಗುತ್ತಿರುತ್ತವೆ. ತಿರುಳು ಮಾತ್ರ ಒಂದೇ.

ಒಂದು ಬೀದಿಯಲ್ಲಿ ಇಬ್ಬರು ಅಕ್ಕಪಕ್ಕದ ಮನೆಗಳಲ್ಲಿದ್ದರು. ಒಬ್ಬ ಚಪ್ಪಲಿ ಹೊಲಿದು ಬದುಕುವವನು. ಬೆಳಗಿನಿಂದ ಸಂಜೆಯವರೆಗೆ ಹಾಡುತ್ತಲೇ ಕೆಲಸ ಮಾಡುತ್ತಿದ್ದ. ಇನ್ನೊಬ್ಬ ದೊಡ್ಡ ಸಾಹುಕಾರ. ಅವನಿಗೆ ರಾತ್ರಿ ನಿದ್ದೆಯೇ ಬಾರದು. ಬೆಳಗಿನ ಜಾವ ಕಣ್ಣು ಹತ್ತುವ ಹೊತ್ತಿಗೆ ಪಕ್ಕದವನ ಹಾಡು ಶುರುವಾಗಿ ಎಚ್ಚರವಾಗುತ್ತಿತ್ತು. ಒಂದು ದಿನ ಸಾಹುಕಾರ ಅವನನ್ನು ಕರೆಸಿ, ಕಷ್ಟಕಾಲಕ್ಕೆ ಇಟ್ಟುಕೋ ಎಂದು ನೂರು ನಾಣ್ಯಗಳನ್ನು ಕೊಟ್ಟ. ಬಡವ ಅದನ್ನು ಮನೆಯ ನೆಲದಡಿ ಹೂತಿಟ್ಟ. ಅಂದಿನಿಂದ ಅವನ ನಿದ್ದೆ ಹಾರಿಹೋಯಿತು. ರಾತ್ರಿ ಬೆಕ್ಕು ಓಡಾಡಿದರೂ ಕಳ್ಳ ಬಂದನೆಂಬ ಭಯ. ಹಾಡು ನಿಂತಿತು. ಕೊನೆಗೆ ಓಡಿಹೋಗಿ ಹಣವನ್ನು ಹಿಂತಿರುಗಿಸಿ, ತನ್ನ ಹಾಡು ಮತ್ತು ನಿದ್ದೆಯನ್ನು ಮರಳಿ ಪಡೆದ.

ಫಾರ್ವರ್ಡ್ ಆಗಿ ಬರುವಾಗ ಕಥೆಯ ಕೊನೆಗೆ ಕೈಮುಗಿದ ಚಿತ್ರದ ಜೊತೆ ಒಂದು ನೀತಿ ಇರುತ್ತದೆ: ಹಣದಿಂದ ಸುಖವಿಲ್ಲ, ಬಡವನೇ ನಿಜವಾದ ಶ್ರೀಮಂತ, ಪ್ರೀತಿ ಮತ್ತು ಗೆಳೆತನವೇ ಸಂಪತ್ತು.

ಕೇಳಲು ಹಿತವಾಗಿದೆ. ಆದರೆ ಈ ನೀತಿಯೊಳಗೆ ಒಂದಲ್ಲ, ಮೂರು ಬೇರೆ ಬೇರೆ ಹೇಳಿಕೆಗಳಿವೆ. ಬಡವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ ಎಂಬುದು ಒಂದು. ಹಣ ಬಂದರೆ ನೆಮ್ಮದಿ ಹೋಗುತ್ತದೆ ಎಂಬುದು ಎರಡು. ಹಣಕ್ಕಿಂತ ಗೆಳೆತನ ದೊಡ್ಡದು ಎಂಬುದು ಮೂರು. ಈ ಮೂರನ್ನೂ ಸಂಶೋಧಕರು ಅಳೆದು ನೋಡಿದ್ದಾರೆ. ಒಂದೊಂದಾಗಿ ನೋಡೋಣ.

ಮೊದಲು, ಈ ಕಥೆ ಎಲ್ಲಿಯದು?

ಕೆಲವು ಸಂದೇಶಗಳಲ್ಲಿ ಇದನ್ನು ನಮ್ಮ ಹಳೆಯ ಜನಪದ ಕಥೆ ಎಂದು ಬರೆದಿರುತ್ತಾರೆ. ಮೇಲೆ ಹೇಳಿದ ರೂಪದ ಕಥೆಯನ್ನು ಪ್ರಸಿದ್ಧಗೊಳಿಸಿದವನು ಫ್ರಾನ್ಸ್‌ನ ಕವಿ ಲಾ ಫೊಂಟೇನ್. ಅವನ ನೀತಿಕಥೆಗಳ ಎರಡನೆಯ ಸಂಗ್ರಹ 1678ರಲ್ಲಿ ಹೊರಬಂದಾಗ ಅದರಲ್ಲಿ ಈ ಕಥೆ ಇತ್ತು.

ಆ ಮೂಲ ಕಥೆಯಲ್ಲಿರುವ ಒಂದು ಸಣ್ಣ ವಿವರ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ವರ್ಷಕ್ಕೆ ಎಷ್ಟು ಸಂಪಾದಿಸುತ್ತೀಯ ಎಂದು ಸಾಹುಕಾರ ಕೇಳಿದಾಗ ಚಪ್ಪಲಿ ಹೊಲಿಯುವವನು ತಾನು ಸುಖವಾಗಿದ್ದೇನೆ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅಂದಂದಿನ ದುಡಿಮೆ ಅಂದಂದಿನ ಊಟಕ್ಕೆ ಸರಿಹೋಗುತ್ತದೆ, ಆದರೆ ಹಬ್ಬದ ರಜೆಗಳು ಹೆಚ್ಚಾಗಿ ಕೆಲಸ ಕೆಡುತ್ತಿದೆ ಎಂದು ದೂರುತ್ತಾನೆ. ರಜೆ ಎಂದರೆ ಅವನಿಗೆ ಕೂಲಿ ಇಲ್ಲದ ದಿನ. ಇಂದಿನ ಗಾರೆ ಕೆಲಸದವರು, ತಳ್ಳುಗಾಡಿಯವರು, ಆಟೋ ಚಾಲಕರು ಬಂದ್ ದಿನ ಹೇಳುವುದೂ ಇದನ್ನೇ. ಮುನ್ನೂರೈವತ್ತು ವರ್ಷಗಳ ಹಿಂದಿನ ಕವಿಗೂ ಗೊತ್ತಿದ್ದ ಈ ಕಷ್ಟ, ನಮ್ಮ ಮೊಬೈಲಿಗೆ ಬರುವ ಹೊತ್ತಿಗೆ ಕಥೆಯಿಂದ ಕಾಣೆಯಾಗಿದೆ.

ಬಡವರಿಗೆ ಒಳ್ಳೆಯ ನಿದ್ದೆ ಬರುತ್ತದೆಯೇ?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮಗೆಲ್ಲ ಗೊತ್ತು. ಗಾದೆ ಸರಿಯಾಗಿಯೇ ಇದೆ. ಬಡವನಿಗೆ ಚಿಂತೆ ಇಲ್ಲ ಎಂದುಕೊಳ್ಳುವಲ್ಲಿ ನಾವು ಎಡವುತ್ತೇವೆ.

ಇದನ್ನು ಪಕ್ಕದ ಚೆನ್ನೈನಲ್ಲೇ ಅಳೆದಿದ್ದಾರೆ. ಕಡಿಮೆ ಆದಾಯದ 452 ಜನರಿಗೆ ಸಂಶೋಧಕರು ಸುಮಾರು ಒಂದು ತಿಂಗಳ ಕಾಲ ಡೇಟಾ ಎಂಟ್ರಿ ಕೆಲಸ ಕೊಟ್ಟರು. ಅವರ ಕೈಗೆ ಗಡಿಯಾರದಂಥ ಸಾಧನ ಕಟ್ಟಿ, ರಾತ್ರಿ ನಿಜವಾಗಿ ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆಂದು ದಾಖಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಅವರು ಹಾಸಿಗೆಯಲ್ಲಿ ಕಳೆಯುತ್ತಿದ್ದುದು ಸುಮಾರು 8 ಗಂಟೆ. ನಿಜವಾದ ನಿದ್ದೆ ಸರಾಸರಿ ಐದೂವರೆ ಗಂಟೆ ಮಾತ್ರ. ರಾತ್ರಿಯಲ್ಲಿ ಹತ್ತಾರು ಸಲ ಎಚ್ಚರವಾಗುತ್ತಿತ್ತು. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸೆಕೆ, ಸೊಳ್ಳೆ, ರಸ್ತೆಯ ಸದ್ದು, ಬೀದಿದೀಪದ ಬೆಳಕು, ಒಂದೇ ಕೋಣೆಯಲ್ಲಿ ಮಲಗುವ ನಾಲ್ಕೈದು ಜನ, ಇವುಗಳ ಜೊತೆಗೆ ನಾಳೆಯ ಚಿಂತೆ. ಫುಟ್‌ಪಾತ್ ಮೇಲೆ ಮಲಗಿದವರ ಚಿತ್ರ ಹಾಕಿ "ನೋಡಿ, ಎಷ್ಟು ನೆಮ್ಮದಿಯ ನಿದ್ದೆ" ಎಂದು ಬರೆದ ಸಂದೇಶಗಳನ್ನು ನೀವು ನೋಡಿರಬಹುದು. ದಿನವಿಡೀ ದುಡಿದು ದಣಿದು ಬಿದ್ದುಕೊಂಡ ದೇಹವೂ ಚಿತ್ರದಲ್ಲಿ ನೆಮ್ಮದಿಯಿಂದ ಮಲಗಿದಂತೆಯೇ ಕಾಣುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕಣ್ಣುಪಟ್ಟಿ, ಕಿವಿಗೆ ಬಿರಡೆ, ಫ್ಯಾನ್ ಮುಂತಾದುವನ್ನು ಕೊಟ್ಟು ರಾತ್ರಿಯ ನಿದ್ದೆಯನ್ನು ಸುಮಾರು ಅರ್ಧ ಗಂಟೆ ಹೆಚ್ಚಿಸಿದಾಗ ಕೆಲಸದಲ್ಲಾಗಲಿ ಮನಸ್ಸಿನ ಸ್ಥಿತಿಯಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಕೆಲಸದ ಜಾಗದಲ್ಲೇ, ಶಾಂತವಾದ ಕೋಣೆಯಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಲು ಬಿಟ್ಟಾಗ ಕೆಲಸವೂ ಸುಧಾರಿಸಿತು, ಮನಸ್ಸೂ ಹಗುರವಾಯಿತು. ನಿದ್ದೆಯ ಗಂಟೆಗಳಷ್ಟೇ ಸಾಲದು, ಗುಣಮಟ್ಟವೂ ಬೇಕು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಒಳ್ಳೆಯ ನಿದ್ದೆಗೆ ಒಳ್ಳೆಯ ಜಾಗ ಬೇಕು, ಆ ಜಾಗಕ್ಕೆ ದುಡ್ಡು ಬೇಕು.

ಮೊದಲ ಹೇಳಿಕೆ: ಸುಳ್ಳು.

ಹಣ ಬಂದರೆ ನೆಮ್ಮದಿ ಹೋಗುತ್ತದೆಯೇ?

ಈ ಹೇಳಿಕೆಗೆ ಸಾಕ್ಷಿಯಾಗಿ ಲಾಟರಿ ಗೆದ್ದವರ ಕಥೆ ಆಗಾಗ ಬರುತ್ತದೆ. "ಲಾಟರಿ ಗೆದ್ದವರೂ ಅಪಘಾತದಲ್ಲಿ ಅಂಗ ಕಳೆದುಕೊಂಡವರೂ ಒಂದು ವರ್ಷದ ನಂತರ ಒಂದೇ ಮಟ್ಟದ ಸಂತೋಷದಲ್ಲಿರುತ್ತಾರೆ, ಇದು ವಿಜ್ಞಾನ" ಎಂಬ ಸಂದೇಶ ಅದು. ಇದರ ಮೂಲ 1978ರಲ್ಲಿ ಅಮೆರಿಕದ ಮೂವರು ಮನಃಶಾಸ್ತ್ರಜ್ಞರು ಪ್ರಕಟಿಸಿದ ಒಂದು ಅಧ್ಯಯನ. ಅದರಲ್ಲಿದ್ದವರು ಲಾಟರಿ ಗೆದ್ದ 22 ಜನ, ಗೆಲ್ಲದ 22 ಜನ, ಅಪಘಾತದಿಂದ ಪಾರ್ಶ್ವವಾಯುವಿಗೆ ಒಳಗಾದ 29 ಜನ, ಇಷ್ಟೇ. ಗೆದ್ದವರು ಗೆಲ್ಲದವರಿಗಿಂತ ಹೆಚ್ಚು ಸಂತೋಷವಾಗಿದ್ದಾರೆಂದು ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ ಎಂಬುದು ನಿಜ. ಆದರೆ ಅಪಘಾತಕ್ಕೊಳಗಾದವರ ಸಂತೋಷದ ಅಂಕ ಉಳಿದವರಿಗಿಂತ ಕಡಿಮೆಯೇ ಇತ್ತು. ಇಬ್ಬರೂ ಒಂದೇ ಎಂದು ಆ ಅಧ್ಯಯನ ಹೇಳಲಿಲ್ಲ.

ನಂತರ ಸ್ವೀಡನ್‌ನಲ್ಲಿ ಇದನ್ನೇ ಬಹಳ ದೊಡ್ಡ ಪ್ರಮಾಣದಲ್ಲಿ ನೋಡಿದರು. ಬಹುಮಾನ ಬಂದು 5ರಿಂದ 22 ವರ್ಷಗಳಾದ ಸಾವಿರಾರು ಲಾಟರಿ ಆಟಗಾರರನ್ನು ಪ್ರಶ್ನಿಸಿದ ಆ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ದೊಡ್ಡ ಮೊತ್ತ ಗೆದ್ದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚಿನ ತೃಪ್ತಿ ಇತ್ತು. ಆ ತೃಪ್ತಿ ಹತ್ತು ವರ್ಷ ಕಳೆದರೂ ಉಳಿದಿತ್ತು. ದಿನನಿತ್ಯದ ಸಂತೋಷ ಮತ್ತು ಮಾನಸಿಕ ಆರೋಗ್ಯದ ಮೇಲಿನ ಪರಿಣಾಮ ಮಾತ್ರ ಅಷ್ಟು ದೊಡ್ಡದಾಗಿರಲಿಲ್ಲ. ಹಣ ಬಂದವರ ನಿದ್ದೆ, ಹಾಡು ಹಾರಿಹೋಗುತ್ತವೆ ಎಂಬ ಕಥೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಎರಡನೆಯ ಸಂದೇಶ 75,000 ಡಾಲರ್‌ನದು. "ಇಷ್ಟು ಆದಾಯ ದಾಟಿದ ಮೇಲೆ ಸಂತೋಷ ಹೆಚ್ಚುವುದಿಲ್ಲ ಎಂದು ನೊಬೆಲ್ ವಿಜ್ಞಾನಿ ಹೇಳಿದ್ದಾರೆ" ಎಂದು ಅದರಲ್ಲಿರುತ್ತದೆ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕನ್ನರ 4.5 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪರಿಶೀಲಿಸಿ ಹೀಗೆ ಹೇಳಿದ್ದು ಹೌದು. ಆದರೆ 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬ ಸಂಶೋಧಕರು ಮೊಬೈಲ್ ಆಪ್ ಮೂಲಕ 33,391 ಉದ್ಯೋಗಸ್ಥರಿಂದ ಮಾಹಿತಿ ಪಡೆದಾಗ ಅಂಥ ಮಿತಿ ಕಾಣಲಿಲ್ಲ. ಆಗ ಇಬ್ಬರೂ ಜಗಳಕ್ಕೆ ನಿಲ್ಲಲಿಲ್ಲ. ಒಟ್ಟಿಗೆ ಕೂತು ಲೆಕ್ಕವನ್ನು ಮತ್ತೆ ನೋಡಿ 2023ರಲ್ಲಿ ಜಂಟಿಯಾಗಿ ಬರೆದರು. ಹೆಚ್ಚಿನವರಲ್ಲಿ ಆದಾಯದ ಜೊತೆ ಸಂತೋಷವೂ ಏರುತ್ತಲೇ ಹೋಗುತ್ತದೆ. ಮೊದಲೇ ತೀರಾ ದುಃಖದಲ್ಲಿರುವ ಸುಮಾರು ಶೇಕಡಾ 20 ಜನರಲ್ಲಿ ಮಾತ್ರ ಒಂದು ಹಂತದ ಆಚೆ ಏರಿಕೆ ನಿಲ್ಲುತ್ತದೆ. ಸಾವು, ವಿಚ್ಛೇದನ, ಖಿನ್ನತೆಯಂಥ ನೋವುಗಳನ್ನು ಒಂದು ಮಟ್ಟದ ನಂತರ ದುಡ್ಡು ಕಡಿಮೆ ಮಾಡಲಾರದು ಎಂದು ಇದನ್ನು ವಿವರಿಸಬಹುದು.

ಹಳೆಯ ಸಂದೇಶ ಮಾತ್ರ ಇನ್ನೂ ಓಡಾಡುತ್ತಿದೆ. ತಿದ್ದುಪಡಿಯನ್ನು ಫಾರ್ವರ್ಡ್ ಮಾಡುವವರು ಕಡಿಮೆ.

ಸಾವಿರ ರೂಪಾಯಿ ಎಲ್ಲರಿಗೂ ಒಂದೇ ಅಲ್ಲ

ಈ ಎಲ್ಲ ಅಧ್ಯಯನಗಳಲ್ಲೂ ಗಮನಿಸಬೇಕಾದ ಒಂದು ಅಂಶವಿದೆ. ಆದಾಯ ಎಷ್ಟು ರೂಪಾಯಿ ಹೆಚ್ಚಿತು ಎಂಬುದಕ್ಕಿಂತ ಎಷ್ಟು ಪಟ್ಟು ಹೆಚ್ಚಿತು ಎಂಬುದರ ಮೇಲೆ ಸಂತೋಷದ ಏರಿಕೆ ನಿಂತಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ತಿಂಗಳಿಗೆ 10,000 ರೂಪಾಯಿ ಇದ್ದ ಮನೆಗೆ ಇನ್ನು 10,000 ಬಂದರೆ ಆಗುವ ಸಂತೋಷದಷ್ಟೇ, 1 ಲಕ್ಷ ಬರುವ ಮನೆಗೆ ಆಗಬೇಕಾದರೆ ಇನ್ನೂ 1 ಲಕ್ಷ ಬರಬೇಕು. ಹಾಗಾಗಿ "ದುಡ್ಡಿನಿಂದ ಏನೂ ಇಲ್ಲ" ಎಂಬ ಮಾತು ಇದ್ದವರ ಬಾಯಲ್ಲಿ ಸ್ವಲ್ಪ ಒಪ್ಪುತ್ತದೆ. ಇಲ್ಲದವರಿಗೆ ಅದನ್ನು ಉಪದೇಶವಾಗಿ ಹೇಳುವುದು ಸರಿಯಾಗುವುದಿಲ್ಲ.

ಹಣದ ಕೊರತೆ ತಲೆಯನ್ನು ಹೇಗೆ ತುಂಬಿಕೊಳ್ಳುತ್ತದೆ ಎಂಬುದನ್ನು ತಮಿಳುನಾಡಿನ ಕಬ್ಬು ಬೆಳೆಗಾರರಲ್ಲಿ ಪರೀಕ್ಷಿಸಿದ್ದಾರೆ. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 464 ರೈತರಿದ್ದರು. ಕಬ್ಬಿನ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕಟಾವಿಗೆ ಮುಂಚೆ ಕೈ ಬರಿದಾಗಿರುತ್ತದೆ, ಒಡವೆ ಗಿರವಿಗೆ ಹೋಗಿರುತ್ತದೆ. ಕಟಾವಿನ ನಂತರ ಕೈಯಲ್ಲಿ ಕಾಸು ಇರುತ್ತದೆ. ಅದೇ ರೈತರಿಗೆ ಎರಡೂ ಸಮಯದಲ್ಲಿ ಗಮನ ಮತ್ತು ಯೋಚನಾಶಕ್ತಿಯ ಪರೀಕ್ಷೆ ಕೊಟ್ಟಾಗ ಕಟಾವಿಗೆ ಮುಂಚೆ ಅಂಕ ಕಡಿಮೆ ಬಂತು, ನಂತರ ಹೆಚ್ಚಿತು. ಮನುಷ್ಯ ಬದಲಾಗಿರಲಿಲ್ಲ, ತಲೆಯಲ್ಲಿದ್ದ ಸಾಲದ ಲೆಕ್ಕ ಬದಲಾಗಿತ್ತು. ಈ ಅಧ್ಯಯನದ ಲೆಕ್ಕಾಚಾರಗಳ ಬಗ್ಗೆ ನಂತರ ವಿದ್ವಾಂಸರಲ್ಲಿ ಚರ್ಚೆಗಳಾಗಿವೆ. ಆದರೆ ಕಬ್ಬಿನ ಬಾಕಿಗೆ ಕಾಯುವ ಮಂಡ್ಯದ, ಬೆಳಗಾವಿಯ ರೈತರಿಗೆ ಇದರ ತಿರುಳನ್ನು ಯಾರೂ ವಿವರಿಸಬೇಕಿಲ್ಲ.

ಬಡವರಿಗೆ ನೇರವಾಗಿ ಹಣ ಕೊಟ್ಟು ನೋಡಿದ ಪ್ರಯೋಗಗಳೂ ಇವೆ. ಪಶ್ಚಿಮ ಕೀನ್ಯಾದ ಬಡ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ನಗದು ಕೊಟ್ಟ ಒಂದು ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹಣ ಪಡೆದವರಲ್ಲಿ ಸಂತೋಷ ಮತ್ತು ತೃಪ್ತಿ ಹೆಚ್ಚಿತು, ಒತ್ತಡದ ಭಾವನೆ ಇಳಿಯಿತು. ಮದ್ಯ, ತಂಬಾಕಿನ ಖರ್ಚು ಹೆಚ್ಚಲಿಲ್ಲ. "ಬಡವರ ಕೈಗೆ ದುಡ್ಡು ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ" ಎಂಬ ಇನ್ನೊಂದು ಫಾರ್ವರ್ಡ್‌ಗೂ ಇದು ಉತ್ತರ.

ಹಾಗಾದರೆ ಕಥೆಯ ಬಡವ ಏಕೆ ನಿದ್ದೆಗೆಟ್ಟ? ಮತ್ತೆ ಓದಿ ನೋಡಿ. ಅವನ ಹಣ ನೆಲದಡಿ ಇತ್ತು! ಹಣ ಇಡಲು ಸುರಕ್ಷಿತ ಜಾಗವೇ ಅವನಿಗೆ ಇರಲಿಲ್ಲ. ನಮ್ಮಲ್ಲೂ ಸಾಸಿವೆ ಡಬ್ಬಿ, ಅಕ್ಕಿ ಮೂಟೆ, ಸೀರೆಯ ಮಡಿಕೆಗಳಲ್ಲಿ ಉಳಿತಾಯ ಬಚ್ಚಿಟ್ಟ ಹೆಂಗಸರಿಗೆ ಈ ಭಯ ಚೆನ್ನಾಗಿ ಗೊತ್ತು. 2014ರಲ್ಲಿ ಶುರುವಾದ ಜನಧನ ಯೋಜನೆಯಲ್ಲಿ 50 ಕೋಟಿಗೂ ಹೆಚ್ಚು ಬ್ಯಾಂಕ್ ಖಾತೆಗಳು ತೆರೆದಿವೆ. ಚಪ್ಪಲಿ ಹೊಲಿಯುವವನಿಗೆ ಅಂಥದೊಂದು ಪಾಸ್‌ಬುಕ್ ಇದ್ದಿದ್ದರೆ ಬೆಕ್ಕಿನ ಸದ್ದಿಗೆ ಬೆಚ್ಚಿಬೀಳುವ ಕಾರಣವೇ ಇರುತ್ತಿರಲಿಲ್ಲ.

ಎರಡನೆಯ ಹೇಳಿಕೆ: ಹೆಚ್ಚಿನ ಮಟ್ಟಿಗೆ ಸುಳ್ಳು. ಹಣ ಎಲ್ಲ ನೋವನ್ನೂ ನೀಗದು ಎಂಬಷ್ಟು ಭಾಗ ನಿಜ.

ಗೆಳೆತನವೇ ಸಂಪತ್ತೇ?

ಕಥೆಯ ಮೂರನೆಯ ಮಾತಿಗೆ ಬರೋಣ. ಇಲ್ಲಿ ಫಾರ್ವರ್ಡ್ ಕಳಿಸಿದವರಿಗೆ ಒಳ್ಳೆಯ ಅಂಕ ಸಿಗುತ್ತದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಎಂಟು ದಶಕಗಳಿಗೂ ಹೆಚ್ಚು ಕಾಲ ನಡೆದುಬಂದಿದೆ. ಹಾರ್ವರ್ಡ್‌ನ 268 ವಿದ್ಯಾರ್ಥಿಗಳ ಜೊತೆಗೆ ಬಾಸ್ಟನ್ ನಗರದ ಬಡ ಬಡಾವಣೆಗಳ 456 ಹುಡುಗರನ್ನೂ ಸೇರಿಸಿ ಅವರ ಇಡೀ ಬದುಕನ್ನು ಹಿಂಬಾಲಿಸಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿ ಕೂಡ ಆ ವಿದ್ಯಾರ್ಥಿಗಳಲ್ಲಿ ಒಬ್ಬರು. 50ನೇ ವಯಸ್ಸಿನಲ್ಲಿ ತಮ್ಮ ಸಂಬಂಧಗಳ ಬಗ್ಗೆ ಯಾರು ಹೆಚ್ಚು ತೃಪ್ತರಾಗಿದ್ದರೋ ಅವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಈ ವಿಷಯದಲ್ಲಿ ಕೊಲೆಸ್ಟರಾಲ್ ಮಟ್ಟಕ್ಕಿಂತ ಸಂಬಂಧಗಳೇ ಉತ್ತಮ ಸೂಚಕವಾದವು. ಮೊದಲು ಆಯ್ದವರೆಲ್ಲರೂ ಬಿಳಿಯ ಗಂಡಸರು ಎಂಬ ಮಿತಿ ಈ ಅಧ್ಯಯನಕ್ಕಿದೆ. ಆದರೆ 2010ರಲ್ಲಿ ಬೇರೆ ಬೇರೆಡೆ ನಡೆದ 148 ಅಧ್ಯಯನಗಳ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗಲೂ, ಗಟ್ಟಿಯಾದ ಸಂಬಂಧಗಳಿರುವವರು ಆ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಇತರರಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚು ಎಂದು ಕಂಡಿತು.

2023ರಲ್ಲಿ ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಎಚ್ಚರಿಕೆಯ ವರದಿ ಹೊರಡಿಸಿದರು. ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. "ಒಂಟಿತನ ದಿನಕ್ಕೆ 15 ಸಿಗರೇಟ್ ಸೇದಿದಷ್ಟು ಅಪಾಯ" ಎಂಬ ಸಂದೇಶವೂ ಎಲ್ಲೆಡೆ ಹಬ್ಬಿದೆ. ಇದನ್ನು ಸರಿಯಾಗಿ ಓದಬೇಕು. ಸಾವಿನ ಸಂಭವ ಎಷ್ಟು ಹೆಚ್ಚುತ್ತದೆ ಎಂಬುದನ್ನು ಹೋಲಿಸಿ ಹೇಳಿದ ಮಾತು ಅದು. ಒಂಟಿಯಾಗಿರುವುದರಿಂದ ಶ್ವಾಸಕೋಶ ಕೆಡುತ್ತದೆ ಎಂದು ಅರ್ಥವಲ್ಲ. ಗೆಳೆಯರಿದ್ದಾರೆ ಎಂದು ಸಿಗರೇಟ್ ಮುಂದುವರಿಸಬಹುದು ಎಂದಂತೂ ಖಂಡಿತ ಅಲ್ಲ.

ಈಗ ಫಾರ್ವರ್ಡ್‌ನ ನೀತಿ ತಲೆಕೆಳಗಾಗುವ ಜಾಗ ನೋಡಿ. ಶ್ರೀಮಂತರಿಗೆ ಬಂಗಲೆ ಇದೆ ಆದರೆ ಜನವಿಲ್ಲ, ಬಡವರಿಗೆ ಗುಡಿಸಲಿದೆ ಆದರೆ ನೂರು ಜನ ನಂಟರು ಎಂದು ಕಥೆಗಳು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ. ಶ್ರೀಮಂತ ದೇಶಗಳಲ್ಲಿ ಈ ಪ್ರಮಾಣ ಸುಮಾರು ಶೇಕಡಾ 11. ಕಡಿಮೆ ಆದಾಯದ ದೇಶಗಳಲ್ಲಿ ಸುಮಾರು ಶೇಕಡಾ 24, ಅಂದರೆ ಎರಡು ಪಟ್ಟು. ಗುಳೆ ಹೋದವರಿಗೆ ಊರಿನ ಗೆಳೆಯರು ದೂರವಾಗುತ್ತಾರೆ. ಎರಡು ಪಾಳಿ ದುಡಿಯುವವರಿಗೆ ಜಗಲಿಯಲ್ಲಿ ಕೂತು ಮಾತಾಡಲು ಹೊತ್ತಿರುವುದಿಲ್ಲ. ಮುಯ್ಯಿ ಮಾಡಲು ಕಾಸಿಲ್ಲದವರು ಮದುವೆಮನೆಗೆ ಹೋಗಲೂ ಹಿಂಜರಿಯುತ್ತಾರೆ. ಬಡತನ ಜನರನ್ನು ಹತ್ತಿರ ತರುವುದಕ್ಕಿಂತ ಹಲವು ಸಲ ದೂರ ತಳ್ಳುತ್ತದೆ.

ಮೂರನೆಯ ಹೇಳಿಕೆ: ಗೆಳೆತನ ದೊಡ್ಡ ಸಂಪತ್ತು ಎಂಬುದು ನಿಜ. ಅದು ಬಡವರಿಗೆ ತಾನಾಗಿ ಸಿಗುತ್ತದೆ ಎಂಬುದು ಸುಳ್ಳು.

ನಮ್ಮಲ್ಲೇ ಇರುವ ಇನ್ನೊಂದು ಕಥೆ

ಸಂಪತ್ತು, ಗೆಳೆತನ, ಸುಖ ಮೂರನ್ನೂ ಸೇರಿಸಿ ಹೇಳುವ ಕಥೆ ಬೇಕಿದ್ದರೆ ನಮ್ಮ ಮಕ್ಕಳಿಗೆ ಅದು ಮೊದಲೇ ಗೊತ್ತಿದೆ: ಕೃಷ್ಣ ಮತ್ತು ಕುಚೇಲ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಈ ಕಥೆ ಬರುತ್ತದೆ. ಅಲ್ಲಿ ಆ ಬಡ ಗೆಳೆಯನ ಹೆಸರನ್ನೇ ಹೇಳಿಲ್ಲ. ಕುಚೇಲ ಎಂದರೆ ಹರಕು ಬಟ್ಟೆ ಉಟ್ಟವನು ಎಂದಷ್ಟೇ ಅರ್ಥ.

ಈ ಕಥೆ ಬಡತನವನ್ನು ಸುಖ ಎಂದು ಎಲ್ಲಿಯೂ ಕರೆಯುವುದಿಲ್ಲ. ಹೆಂಡತಿ ಹಸಿವಿನಿಂದ ಸೊರಗಿದ್ದಾಳೆ. ಗಂಡನನ್ನು ಗೆಳೆಯನ ಬಳಿ ಹೋಗೆಂದು ಮತ್ತೆ ಮತ್ತೆ ಕೇಳುತ್ತಾಳೆ. ಬರಿಗೈಯಲ್ಲಿ ಹೋಗಬಾರದೆಂದು ಅಕ್ಕಪಕ್ಕದವರಲ್ಲಿ ಬೇಡಿ ನಾಲ್ಕು ಹಿಡಿ ಅವಲಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಕೊಡುತ್ತಾಳೆ. ಅರಮನೆಯ ವೈಭವ ಕಂಡು ಅವನಿಗೆ ಆ ಗಂಟನ್ನು ಕೊಡಲೂ ನಾಚಿಕೆ. ಕೃಷ್ಣ ಅದನ್ನು ತಾನೇ ಎಳೆದುಕೊಂಡು ತಿನ್ನುತ್ತಾನೆ. ಕುಚೇಲ ಏನನ್ನೂ ಕೇಳದೆ ಹಿಂದಿರುಗುತ್ತಾನೆ. ಮನೆಗೆ ಬಂದು ನೋಡಿದರೆ ಬಡತನ ನೀಗಿರುತ್ತದೆ.

ಗೆಳೆಯ ಬಡವನಾಗಿಯೇ ಇರಲಿ, ಅದರಲ್ಲೇ ಸುಖ ಇದೆ ಎಂದು ಕೃಷ್ಣ ಉಪದೇಶ ಮಾಡಿ ಕಳಿಸಲಿಲ್ಲ. ಕೇಳುವ ಮುಜುಗರವನ್ನೂ ಉಳಿಸಿ ಕೊಟ್ಟ. ಕೊಡುವ ಸಂತೋಷ ಬಡ ಗೆಳೆಯನಿಗೂ ಸಿಗಲೆಂದು ಅವಲಕ್ಕಿಯನ್ನು ಬಾಯ್ತುಂಬ ತಿಂದ. ಈ ಕೊಡುವ ಸಂತೋಷವನ್ನೂ ಅಳೆದು ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 46 ಜನರಿಗೆ ಬೆಳಗ್ಗೆ 5 ಅಥವಾ 20 ಡಾಲರ್ ಕೊಟ್ಟು, ಕೆಲವರಿಗೆ ತಮಗಾಗಿ, ಇನ್ನು ಕೆಲವರಿಗೆ ಬೇರೆಯವರಿಗಾಗಿ ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. ಮೊತ್ತ 5 ಆಗಲಿ 20 ಆಗಲಿ ವ್ಯತ್ಯಾಸವಾಗಲಿಲ್ಲ. ನಂತರ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳಲ್ಲಿ ಪರಿಣಾಮ ಸಣ್ಣದಾಗಿ ಕಂಡರೂ ಅದೇ ದಿಕ್ಕಿನಲ್ಲಿತ್ತು.

ಒಂದೇ ಬೆಂಚಿನ ಗೆಳೆಯರು

ಕೃಷ್ಣ ಮತ್ತು ಕುಚೇಲ ಗೆಳೆಯರಾದದ್ದು ಎಲ್ಲಿ? ಸಾಂದೀಪನಿ ಗುರುಗಳ ಆಶ್ರಮದಲ್ಲಿ. ಇಬ್ಬರೂ ಒಟ್ಟಿಗೆ ಕಲಿತರು, ಸೌದೆ ತರಲು ಕಾಡಿಗೆ ಹೋಗಿ ಮಳೆಗಾಳಿಗೆ ಸಿಕ್ಕಿ ರಾತ್ರಿಯಿಡೀ ಒಟ್ಟಿಗೆ ಅಲೆದರು. ಇಬ್ಬರೂ ಬೇರೆ ಬೇರೆ ಶಾಲೆಗೆ ಹೋಗಿದ್ದರೆ ಅವಲಕ್ಕಿಯ ಕಥೆಯೇ ಹುಟ್ಟುತ್ತಿರಲಿಲ್ಲ.

ಅಮೆರಿಕದಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು 7 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಸುಮಾರು 2,100 ಕೋಟಿ ಗೆಳೆತನಗಳನ್ನು ಪರಿಶೀಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಡವರು ಮತ್ತು ಉಳ್ಳವರು ಹೆಚ್ಚಾಗಿ ಗೆಳೆಯರಾಗಿರುವ ಊರುಗಳಲ್ಲಿ ಬೆಳೆದ ಬಡ ಮಕ್ಕಳು ದೊಡ್ಡವರಾದಾಗ ಹೆಚ್ಚು ಸಂಪಾದಿಸುತ್ತಾರೆ. ಉಳ್ಳವರ ಮಕ್ಕಳಿಗೆ ಇರುವಷ್ಟೇ ಉಳ್ಳ ಗೆಳೆಯರು ಬಡ ಮಕ್ಕಳಿಗೂ ಇದ್ದರೆ ಅವರ ಮುಂದಿನ ಆದಾಯ ಸರಾಸರಿ ಶೇಕಡಾ 20ರಷ್ಟು ಹೆಚ್ಚಬಹುದು ಎಂದು ಅವರ ಅಂದಾಜು. ಗೆಳೆತನ ಮತ್ತು ಸಂಪತ್ತು ಎದುರಾಳಿಗಳಲ್ಲ. ಗೆಳೆತನವೇ ಸಂಪತ್ತಿನ ದಾರಿಯೂ ಆಗಬಲ್ಲದು.

ಉಳ್ಳವರ ಮಕ್ಕಳಿಗೆ ಇದರಿಂದ ಏನು ಲಾಭ? ಇದಕ್ಕೆ ಉತ್ತರ ದೆಹಲಿಯಿಂದ ಬಂದಿದೆ. ಅಲ್ಲಿನ ದುಬಾರಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೂ ಸೀಟು ಕೊಡಬೇಕೆಂಬ ನಿಯಮ ಬಂದಾಗ ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಅದರ ಪರಿಣಾಮವನ್ನು ನೋಡಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬಡ ಸಹಪಾಠಿಗಳಿದ್ದ ತರಗತಿಯ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು. ಓಟದ ಪಂದ್ಯಕ್ಕೆ ಜೊತೆಗಾರರನ್ನು ಆರಿಸಿಕೊಳ್ಳುವಾಗ ಬಡವರೆಂದು ದೂರವಿಡುವುದು ಕಡಿಮೆಯಾಯಿತು. ಬಡ ಮಕ್ಕಳ ಜೊತೆ ಆಡಲು, ಬೆರೆಯಲು ಹೆಚ್ಚು ಒಪ್ಪಿದರು. ಅಂಕಗಳ ಬಗ್ಗೆ ಪಾಲಕರಿಗಿದ್ದ ಭಯ ಹೆಚ್ಚಿನ ಮಟ್ಟಿಗೆ ಹುಸಿಯಾಯಿತು. ಇಂಗ್ಲಿಷ್ ಅಂಕದಲ್ಲಿ ಸಣ್ಣ ಇಳಿಕೆ ಕಂಡರೂ ಹಿಂದಿ ಮತ್ತು ಗಣಿತದಲ್ಲಿ ಕಾಣಲಿಲ್ಲ.

2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ 2019-20ರ ಶೈಕ್ಷಣಿಕ ವರ್ಷದಿಂದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಸಿಗುವುದಿಲ್ಲ. ಸರ್ಕಾರಿ ಶಾಲೆಗಳು ಉಳಿಯಬೇಕು ಎಂಬುದು ಇದರ ಪರವಾದ ವಾದ. ಅದರಲ್ಲೂ ಹುರುಳಿದೆ. ಆದರೆ ಅನುಕೂಲವಿರುವವರೂ ತಮ್ಮ ಮಕ್ಕಳನ್ನು ಅದೇ ಸರ್ಕಾರಿ ಶಾಲೆಗೆ ಕಳಿಸಿದರೆ ಮಾತ್ರ ಎರಡೂ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈಗ ನಮ್ಮ ಹಲವು ಊರುಗಳಲ್ಲಿ ಬೆಳಗ್ಗೆ ಒಂದೇ ಬೀದಿಯಿಂದ ಹೊರಡುವ ಮಕ್ಕಳಲ್ಲಿ ಕೆಲವರು ಹಳದಿ ಬಸ್ ಹತ್ತುತ್ತಾರೆ, ಉಳಿದವರು ನಡೆದು ಹೋಗುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಸಾಹುಕಾರ ಮತ್ತು ಬಡವನ ಕಥೆಯನ್ನು ಮಕ್ಕಳಿಗೆ ಹೇಳಲೇಬಾರದು ಎಂದು ನಾವು ಹೇಳುತ್ತಿಲ್ಲ. ಬೆಕ್ಕಿಗೆ ಹೆದರುವ ಭಾಗಕ್ಕೆ ಮಕ್ಕಳು ನಗುತ್ತಾರೆ, ನಗಲಿ. ಕಥೆ ಮುಗಿದ ಮೇಲೆ ನೀತಿ ಹೇಳುವ ಬದಲು ಎರಡು ಪ್ರಶ್ನೆ ಕೇಳಿ ನೋಡಿ. ಅವನು ಹಣವನ್ನು ಎಲ್ಲಿಟ್ಟಿದ್ದರೆ ನಿದ್ದೆ ಬರುತ್ತಿತ್ತು? ಅವನ ಮಗಳಿಗೆ ಜ್ವರ ಬಂದಿದ್ದರೆ ಆ ನೂರು ನಾಣ್ಯಗಳನ್ನು ಹಿಂತಿರುಗಿಸಬೇಕಿತ್ತೇ?

ಮತ್ತೊಂದು ವಿಷಯ. ಗುಂಪಿಗೆ ಕಳಿಸುವ ಮುನ್ನ ಅದನ್ನು ಯಾರು ಓದುತ್ತಾರೆಂದು ಒಮ್ಮೆ ಯೋಚಿಸಿ. ಸಾಲದ ಕಂತು ಕಟ್ಟಲಾಗದೆ ರಾತ್ರಿ ಕೂತಿರುವವರು, ಮಗಳ ಫೀಸಿಗೆ ಒಡವೆ ಗಿರವಿ ಇಟ್ಟವರು ಅದೇ ಗುಂಪಿನಲ್ಲಿರಬಹುದು. ಬಡವನೇ ನಿಜವಾದ ಶ್ರೀಮಂತ ಎಂಬ ಸಾಲು ಅವರ ಕಷ್ಟವನ್ನು ಕಡಿಮೆ ಮಾಡುವುದಿಲ್ಲ, ಹೇಳಿಕೊಳ್ಳಲು ಇನ್ನಷ್ಟು ಸಂಕೋಚಪಡುವಂತೆ ಮಾಡುತ್ತದೆ. ಅವರಿಗೆ ಕಥೆ ಕಳಿಸುವ ಬದಲು ಒಂದು ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿ. ಹಣ, ಗೆಳೆತನ, ಸುಖ ಮೂರರ ಬಗ್ಗೆಯೂ ಇಷ್ಟು ವರ್ಷಗಳ ಸಂಶೋಧನೆ ಹೇಳಿದ್ದಕ್ಕೆ ಅದು ಹೆಚ್ಚು ಹತ್ತಿರವಾಗಿರುತ್ತದೆ.